ಅಸ್ತರಿಲ್ಲದ ಜಾಕೆಟ್

ಜಾಕೆಟ್ ಅಂದ ಕೂಡಲೇ ಹೊಲಿಗೆ ಬಲ್ಲವರೂ ಹಿಂಜರಿಯುತ್ತಾರೆ. ರವಿಕೆ, ಚೂಡಿದಾರ, ಷರಟು ಎಲ್ಲವನ್ನೂ ಮನೆಯಲ್ಲೇ ಹೊಲಿದವರು ಕೂಡ ‘ಅದೆಲ್ಲ ಟೈಲರ್ ಕೆಲಸ’ ಅನ್ನುತ್ತಾರೆ. ಸೂಟಿನ ಕೋಟಿನ ಮಟ್ಟಿಗೆ ಆ ಮಾತು ಸರಿ. ಎದೆಗೆ ಕ್ಯಾನ್ವಾಸ್, ಭುಜಕ್ಕೆ ಪ್ಯಾಡ್, ಒಳಗೆಲ್ಲ ಅಸ್ತರು, ಗಂಟೆಗಟ್ಟಲೆ ಕೈಹೊಲಿಗೆ. ಆದರೆ ಬೆಂಗಳೂರಿನ ಡಿಸೆಂಬರ್ ಬೆಳಗಿಗೆ, ಮಡಿಕೇರಿಯ ಸಂಜೆಗೆ, ಏಸಿ ಹಾಕಿದ ಆಫೀಸಿಗೆ ಕೋಟು ಬೇಕಿಲ್ಲ. ಕುರ್ತಾದ ಮೇಲೋ ಷರಟಿನ ಮೇಲೋ ತೊಡಬಹುದಾದ, ಮಡಚಿ ಚೀಲದೊಳಗೆ ತುರುಕಬಹುದಾದ, ಮನೆಯಲ್ಲೇ ಒಗೆಯಬಹುದಾದ ಹತ್ತಿಯ ಜಾಕೆಟ್ ಸಾಕು. ಅದನ್ನು ಕಾಲಲ್ಲಿ ತುಳಿಯುವ ಮಷೀನಿನಲ್ಲೂ ಚೆನ್ನಾಗಿ ಹೊಲಿಯಬಹುದು.

ಅಸ್ತರು ಇಲ್ಲ ಅಂದರೆ ಕೆಲಸ ಅರ್ಧವಾಯಿತು ಎಂದುಕೊಳ್ಳುವುದು ಇಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು. ಅಸ್ತರು ಎಲ್ಲವನ್ನೂ ಮುಚ್ಚಿಹಾಕುತ್ತದೆ: ಬಿಚ್ಚಿದ ದಾರ, ಸೊಟ್ಟ ಮಾರ್ಜಿನ್ (ಹೊಲಿಗೆಯಾಚೆ ಬಿಡುವ ಬಟ್ಟೆ), ಎರಡು ಸಲ ಬಿಚ್ಚಿ ಹೊಲಿದ ತೋಳು. ಅದಿಲ್ಲದ ಜಾಕೆಟ್ಟನ್ನು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದರೆ ಒಳಮೈ ಪೂರ್ತಿ ಎದುರಿಗೆ ಕಾಣುತ್ತದೆ. ಹಾಗಾಗಿ ಯಾವ ಹೊಲಿಗೆಯನ್ನು ಒಳಗೆ ಹೇಗೆ ಮುಗಿಸಬೇಕು ಎಂಬುದನ್ನು ಕತ್ತರಿ ಹಿಡಿಯುವ ಮೊದಲೇ ತೀರ್ಮಾನಿಸಬೇಕು. ಕತ್ತರಿಸಿದ ಮೇಲೆ ಯೋಚಿಸಹೊರಟರೆ ಅದಕ್ಕೆ ಬೇಕಾದಷ್ಟು ಮಾರ್ಜಿನ್ ಉಳಿದಿರುವುದಿಲ್ಲ.

ಮಾದರಿಗೆ ಫ್ರಾನ್ಸಿನ ಕಾರ್ಮಿಕರ ನೀಲಿ ಜಾಕೆಟ್ಟನ್ನು ಇಟ್ಟುಕೊಳ್ಳೋಣ. 19ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಕೂಲಿಕಾರರ, ಕುಶಲಕರ್ಮಿಗಳ ಉಡುಪಾಗಿ ಬಳಕೆಗೆ ಬಂದದ್ದು ಇದು. ನೇರ ಮೈ, ಚಿಕ್ಕ ಮಡಚು ಕಾಲರ್, ಮುಂದೆ ಸಾಲಾಗಿ ಗುಂಡಿ, ಮೇಲೆ ಅಂಟಿಸಿದಂತೆ ಹೊಲಿದ ಮೂರು ನಾಲ್ಕು ಜೇಬು. ಸೊಂಟದಲ್ಲಿ ಡಾರ್ಟ್ (ಮೈಗೆ ಕೂರಲೆಂದು ಹಿಡಿದು ಹೊಲಿಯುವ ಮಡಿಕೆ) ಇಲ್ಲ, ಭುಜಕ್ಕೆ ಪ್ಯಾಡ್ ಇಲ್ಲ. ನ್ಯೂಯಾರ್ಕಿನ ಬೀದಿಗಳಲ್ಲಿ ಜನರ ಉಡುಪಿನ ಫೋಟೊ ತೆಗೆಯುತ್ತಿದ್ದ ಬಿಲ್ ಕನ್ನಿಂಗ್‌ಹ್ಯಾಮ್ ದಶಕಗಳ ಕಾಲ ಇದನ್ನೇ ತೊಟ್ಟು ಓಡಾಡಿದರು. ಮೊದಲ ಜಾಕೆಟ್ ಹೊಲಿಯುವವರಿಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ಇಲ್ಲ. ಇದರ ತೋಳಿನ ತಲೆ, ಅಂದರೆ ಭುಜಕ್ಕೆ ಕೂಡುವ ಮೇಲಿನ ತಿರುವು, ಎತ್ತರವಿಲ್ಲ. ಆದ್ದರಿಂದ ಬದಿಯ ಹೊಲಿಗೆ ಹಾಕುವ ಮೊದಲೇ ತೋಳನ್ನು ಚಪ್ಪಟೆಯಾಗಿ ಹರಡಿಕೊಂಡು ಜೋಡಿಸಬಹುದು.

ಇನ್ನು ಪ್ಯಾಟರ್ನ್, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ನಮೂನೆ. ನಮ್ಮ ಟೈಲರುಗಳು ಅಳತೆ ತೆಗೆದು ಬಟ್ಟೆಯ ಮೇಲೇ ಚಾಕಿನಲ್ಲಿ ಗೆರೆ ಎಳೆಯುತ್ತಾರೆ. ಅದು ವರ್ಷಗಟ್ಟಲೆ ಕೈ ಪಳಗಿದವರ ವಿದ್ಯೆ. ಬೇರೆ ಬೇರೆ ಸೈಜಿನ ಕಾಗದದ ಪ್ಯಾಟರ್ನುಗಳನ್ನು ಮನೆಯಲ್ಲಿ ಹೊಲಿಯುವವರಿಗೆ ಮಾರುವ ವ್ಯಾಪಾರ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಎಬೆನೀಜರ್ ಬಟ್ಟರಿಕ್ ಎಂಬ ದರ್ಜಿಯಿಂದ 1863ರಲ್ಲಿ ಶುರುವಾಯಿತು. ಈಗ ಅದು ಪಿಡಿಎಫ್ ಆಗಿ ಬರುತ್ತದೆ, ಎ4 ಹಾಳೆಗಳಲ್ಲಿ ಪ್ರಿಂಟ್ ತೆಗೆದು ಅಂಟಿಸಿಕೊಳ್ಳಬೇಕು. ಪ್ರಿಂಟ್ ಅಂಗಡಿಯಲ್ಲಿ ‘ಫಿಟ್ ಟು ಪೇಜ್’ ಒತ್ತಿಬಿಟ್ಟರೆ ಎಲ್ಲ ಕೆಟ್ಟಿತು. ನೂರಕ್ಕೆ ನೂರು ಅಳತೆಯಲ್ಲೇ ತೆಗೆಯಬೇಕು. ಮೊದಲು ಪರೀಕ್ಷೆಯ ಚೌಕ ಇರುವ ಒಂದೇ ಹಾಳೆ ತೆಗೆಸಿ ಸ್ಕೇಲಿಟ್ಟು ನೋಡಿ. 10 ಸೆಂಟಿಮೀಟರ್ ಇರಬೇಕಾದ ಚೌಕ 9.7 ಬಂದರೆ ಎದೆಸುತ್ತು 105 ಸೆಂ.ಮೀ. ಇರಬೇಕಾದ ಜಾಕೆಟ್ ಮೂರು ಸೆಂಟಿಮೀಟರಿಗೂ ಹೆಚ್ಚು ಚಿಕ್ಕದಾಗುತ್ತದೆ.

ಪ್ಯಾಟರ್ನಿನ ಮೇಲಿನ ಗುರುತುಗಳು ಯಾವ ದೇಶದ್ದಾದರೂ ಹೆಚ್ಚುಕಡಿಮೆ ಒಂದೇ. ಎರಡು ತುದಿಗೂ ಬಾಣವಿರುವ ಉದ್ದ ಗೆರೆ ಹಾಸು ದಾರದ ದಿಕ್ಕು. ತುದಿಗಳಲ್ಲಿ ಬಾಗಿದ ಬಾಣ ಇದ್ದರೆ ಆ ಬದಿಯನ್ನು ಬಟ್ಟೆಯ ಮಡಿಕೆಗೆ ಇಡಬೇಕು. ಅಂಚಿನ ಪುಟ್ಟ ತ್ರಿಕೋನಗಳು ನಾಚ್, ಯಾವ ತುಂಡು ಎಲ್ಲಿ ಕೂಡಬೇಕು ಎಂಬ ಗುರುತು. ತೋಳಿನಲ್ಲಿ ಒಂದು ನಾಚ್ ಇರುವುದು ಮುಂಭಾಗಕ್ಕೆ, ಎರಡು ನಾಚ್ ಇರುವುದು ಹಿಂಭಾಗಕ್ಕೆ. ಅಡ್ಡಲಾಗಿ ಜೋಡಿ ಗೆರೆ ಇದ್ದಲ್ಲಿ ಉದ್ದ ಹೆಚ್ಚಿಸಬಹುದು, ಕಡಿಮೆ ಮಾಡಬಹುದು. ಮೂಲ ಹಾಳೆಯನ್ನು ಕತ್ತರಿಸಬೇಡಿ. ಮಕ್ಕಳ ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರಿನ ಮೇಲೆ ನಿಮ್ಮ ಸೈಜನ್ನು ಇಳಿಸಿಕೊಳ್ಳಿ. ಅದು ಗಟ್ಟಿ, ಅಗ್ಗ, ಹತ್ತು ಸಲ ಬಳಸಿದರೂ ಹರಿಯುವುದಿಲ್ಲ.

ಸೈಜು ಆರಿಸುವಾಗ ಎರಡು ಪಟ್ಟಿ ನೋಡಬೇಕು: ಒಂದು ಮೈಯ ಅಳತೆ, ಇನ್ನೊಂದು ಹೊಲಿದು ಮುಗಿಸಿದ ಉಡುಪಿನ ಅಳತೆ. ಎದೆಸುತ್ತು 36 ಇಂಚು ಇದ್ದವರಿಗೆ ಒಳಗೆ ಷರಟು ತೊಟ್ಟು ಮೇಲೆ ಹಾಕಲು ಜಾಕೆಟ್ 41ರಿಂದ 42 ಇಂಚು ಇರಬೇಕು. ನಾಲ್ಕು ಇಂಚಿಗಿಂತ ಕಡಿಮೆ ಸಡಿಲು ಬಿಟ್ಟರೆ ಕೈ ಮುಂದೆ ಚಾಚಿದಾಗ ಬೆನ್ನು ಬಿಗಿಯುತ್ತದೆ. ಎತ್ತರದ ಲೆಕ್ಕವೂ ಮುಖ್ಯ. ಯುರೋಪಿನ ಹೆಂಗಸರ ಪ್ಯಾಟರ್ನುಗಳಲ್ಲಿ ಹೆಚ್ಚಿನವು 168 ಸೆಂ.ಮೀ. ಎತ್ತರದವರನ್ನು ಮನಸ್ಸಿನಲ್ಲಿಟ್ಟು ತಯಾರಾದವು. 155 ಸೆಂ.ಮೀ. ಇರುವವರು ಕೆಳಗಿನಿಂದ ಮಾತ್ರ ಉದ್ದ ಕತ್ತರಿಸಿದರೆ ಜೇಬು ತೊಡೆಯ ಹತ್ತಿರ ಇಳಿಯುತ್ತದೆ. ಸೊಂಟದ ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ ಅಂತ ಎರಡು ಕಡೆ ಕಾಗದ ಮಡಚಬೇಕು. ತೋಳಿಗೂ ಹೀಗೆಯೇ, ಮೊಣಕೈ ಮೇಲೊಂದು ಮಡಿಕೆ, ಕೆಳಗೊಂದು. ತೋಳಿನ ಉದ್ದವನ್ನು ಮೊಣಕೈ ಮಡಚಿ ಅಳೆಯಿರಿ.

ಮಾರ್ಜಿನ್ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚು. ಅಮೆರಿಕದ ದೊಡ್ಡ ಕಂಪನಿಗಳ ಪ್ಯಾಟರ್ನಿನಲ್ಲಿ ಸಾಮಾನ್ಯವಾಗಿ 1.5 ಸೆಂ.ಮೀ. ಮಾರ್ಜಿನ್ ಸೇರಿರುತ್ತದೆ. ಜರ್ಮನಿಯ ಹೊಲಿಗೆ ಪತ್ರಿಕೆಗಳ ಹಾಳೆಗಳಲ್ಲಿ ಅದು ಇರುವುದೇ ಇಲ್ಲ, ನಾವೇ ಸೇರಿಸಿಕೊಳ್ಳಬೇಕು. ನಮ್ಮ ಟೈಲರುಗಳು ಮುಂದೆ ಬಿಚ್ಚಿ ದೊಡ್ಡದು ಮಾಡಲೆಂದು ಬದಿಗೆ ಒಂದಿಂಚು, ಒಂದೂವರೆ ಇಂಚು ಬಿಡುತ್ತಾರೆ. ರವಿಕೆಗೆ ಆ ಪದ್ಧತಿ ಚೆಂದ. ಇಲ್ಲಿ ಬೇಡ: ಅಸ್ತರಿಲ್ಲದ ಜಾಕೆಟ್ಟಿನ ಒಳಗೆ ಒಂದೂವರೆ ಇಂಚಿನ ಪಟ್ಟಿ ಜೋತುಬೀಳುತ್ತದೆ, ಕಂಕುಳಲ್ಲಿ ಗಂಟಾಗುತ್ತದೆ. ಇನ್ನು 1.5 ಸೆಂ.ಮೀ. ಹೊಲಿಯಬೇಕಾದಲ್ಲಿ ಒಂದು ಸೆಂಟಿಮೀಟರಿಗೇ ಹೊಲಿದರೆ ಎರಡು ಬದಿ, ಪ್ರತಿ ಬದಿಗೆ ಎರಡು ಪದರ, ಒಟ್ಟು ಎರಡು ಸೆಂಟಿಮೀಟರ್ ಸುತ್ತಳತೆ ಹೆಚ್ಚಾಗುತ್ತದೆ. ಆಗ ತೋಳು, ಕಾಲರ್ ಯಾವುದೂ ತನ್ನ ಜಾಗಕ್ಕೆ ಕೂರುವುದಿಲ್ಲ. ಸೂಜಿಯಿಂದ 1.5 ಸೆಂ.ಮೀ. ಅಳೆದು ಮಷೀನಿನ ತಗಡಿನ ಮೇಲೆ ಬಣ್ಣದ ಟೇಪ್ ಅಂಟಿಸಿಬಿಡಿ. ಬಟ್ಟೆಯ ಅಂಚು ಆ ಟೇಪಿಗೆ ತಾಗಿಕೊಂಡೇ ಸಾಗಲಿ.

ಬಟ್ಟೆಗೆ ಬರೋಣ. ಹಗುರ ಜಾಕೆಟ್ಟಿಗೆ ಚದರ ಮೀಟರಿಗೆ 150ರಿಂದ 220 ಗ್ರಾಂ ತೂಗುವ ನೇಯ್ಗೆ ಬೇಕು. ದಪ್ಪ ಖಾದಿ, ಕೈಮಗ್ಗದ ಹತ್ತಿ, ಲಿನನ್, ತೆಳು ಡ್ರಿಲ್, ಆರು ಔನ್ಸಿನ ಡೆನಿಮ್ ಎಲ್ಲವೂ ಈ ಅಳತೆಯೊಳಗೆ ಬರುತ್ತವೆ. ಅಂಗಡಿಯಲ್ಲಿ ತೂಕ ಹೇಳದಿದ್ದರೆ ಮನೆಗೆ ತಂದ ಚೂರಿನಿಂದ ತಿಳಿಯಬಹುದು: 20 ಸೆಂ.ಮೀ.ಗೆ 25 ಸೆಂ.ಮೀ. ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ಬಂದ ಗ್ರಾಮನ್ನು 20ರಿಂದ ಗುಣಿಸಿದರೆ ಆಯಿತು. ಒಂಬತ್ತು ಗ್ರಾಂ ತೂಗಿದರೆ 180. ಷರಟಿನ ಪಾಪ್ಲಿನ್ ಸುಮಾರು 110–120 ಬರುತ್ತದೆ. ಅದರಲ್ಲಿ ಹೊಲಿದ ಜಾಕೆಟ್ ಜೇಬಿಗೆ ಮೊಬೈಲ್ ಹಾಕಿದ ಕೂಡಲೇ ಜೋಲುತ್ತದೆ. ಗುಳೇದಗುಡ್ಡದ ಖಣ ನೋಡಲು ಎಷ್ಟೇ ಸೊಗಸಾಗಿದ್ದರೂ ಅಗಲ ಕಡಿಮೆ, ಇಡೀ ಜಾಕೆಟ್ಟಿನ ತುಂಡುಗಳು ಅದರಲ್ಲಿ ಹೊಂದುವುದು ಕಷ್ಟ. ಅದನ್ನು ಜೇಬಿನ ಮೇಲ್ಪಟ್ಟಿಗೆ, ಹಿಂಗತ್ತಿನ ಒಳಪಟ್ಟಿಗೆ ಇಟ್ಟರೆ ಕಳೆ ಬರುತ್ತದೆ.

44 ಇಂಚು ಅಗಲದ ಬಟ್ಟೆಯಾದರೆ ಎರಡೂಕಾಲರಿಂದ ಎರಡೂವರೆ ಮೀಟರ್, 58 ಇಂಚಿಗೆ ಒಂದೂಮುಕ್ಕಾಲರಿಂದ ಎರಡು, ಕೈಮಗ್ಗದ 36 ಇಂಚಿಗೆ ಮೂರು ಮೀಟರ್ ತೆಗೆದುಕೊಳ್ಳಿ. ಚೌಕಳಿಯೋ ಪಟ್ಟೆಯೋ ಆದರೆ ಇನ್ನೂ ಕಾಲು ಮೀಟರ್. ಮೇಲೆ ಕುಗ್ಗುವ ಪಾಲು ಬೇರೆ. ಕೈಮಗ್ಗದ ಹತ್ತಿ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಮಾಮೂಲು. ಒಗೆಯುವ ಮುಂಚೆ ಬಟ್ಟೆಯ ನಡುವೆ ಸೂಜಿದಾರದಲ್ಲಿ 50 ಸೆಂ.ಮೀ. ಚೌಕ ಗುರುತು ಮಾಡಿ, ರಾತ್ರಿ ನೀರಲ್ಲಿ ನೆನೆಹಾಕಿ, ಜಾಕೆಟ್ಟನ್ನು ಮುಂದೆ ಹೇಗೆ ಒಗೆಯುತ್ತೀರೋ ಹಾಗೆಯೇ ಒಗೆದು ಒಣಗಿಸಿ ಮತ್ತೆ ಅಳೆಯಿರಿ. 48.5 ಬಂದಿದ್ದರೆ ನೂರಕ್ಕೆ ಮೂರು ಕುಗ್ಗಿದೆ. ಎರಡನೇ ಸಲವೂ ಒಗೆದು ನೋಡಿ. ಖಾದಿ ಎರಡನೇ ಒಗೆತದಲ್ಲೂ ಸ್ವಲ್ಪ ಕುಗ್ಗಬಹುದು. ಗಾಢ ನೀಲಿ, ಕೆಂಪು ಬಣ್ಣವಾದರೆ ಬಿಳಿ ಚಿಂದಿ ಜೊತೆಗೆ ನೆನೆಸಿದಾಗ ಬಣ್ಣ ಬಿಡುವುದೂ ಆಗಲೇ ತಿಳಿಯುತ್ತದೆ.

ಒಣಗಿದ ಬಟ್ಟೆಯ ತುದಿ ನೇರ ಇದೆಯೇ ನೋಡಬೇಕು. ಅಂಗಡಿಯವರು ಕತ್ತರಿಸಿದ ಗೆರೆಯನ್ನು ನಂಬಬೇಡಿ. ಅಂಚಿನ ಹತ್ತಿರ ಒಂದು ಹೊಕ್ಕು ದಾರವನ್ನು ಸೂಜಿಯಲ್ಲಿ ಎತ್ತಿ ಮೆಲ್ಲಗೆ ಎಳೆದರೆ ಬಟ್ಟೆಗೆ ಅಡ್ಡಲಾಗಿ ಖಾಲಿ ಗೆರೆ ಮೂಡುತ್ತದೆ; ಅದೇ ನಿಜವಾದ ಅಡ್ಡ. ಆ ಗೆರೆಯಲ್ಲಿ ಕತ್ತರಿಸಿ ಬಟ್ಟೆಯನ್ನು ಉದ್ದಕ್ಕೆ ಮಡಚಿದಾಗ ಮೂಲೆಗೆ ಮೂಲೆ ಕೂಡಬೇಕು. ಕೂಡದಿದ್ದರೆ ನೇಯ್ಗೆ ಓರೆಯಾಗಿದೆ ಅಂತ ಅರ್ಥ. ಸ್ವಲ್ಪ ತೇವ ಮಾಡಿ, ಇಬ್ಬರು ಎದುರುಬದುರು ನಿಂತು ಗಿಡ್ಡವಾದ ಮೂಲೆಗಳನ್ನು ಹಿಡಿದು ಓರೆಯಾಗಿ ಎಳೆದು ಇಸ್ತ್ರಿ ಹಾಕಬೇಕು. ಇದನ್ನು ಬಿಟ್ಟರೆ ಜಾಕೆಟ್ ಹೊಲಿದ ದಿನ ಏನೂ ಕಾಣುವುದಿಲ್ಲ. ಮೂರು ಸಲ ಒಗೆದ ಮೇಲೆ ಬದಿಯ ಹೊಲಿಗೆ ಹೊಟ್ಟೆಯ ಕಡೆಗೆ ತಿರುಗಿರುತ್ತದೆ, ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಎರಡು ಮೀಟರ್ ಕೋರಾ ಬಟ್ಟೆಯಲ್ಲೋ ಹಳೆಯ ಬೆಡ್‌ಶೀಟಿನಲ್ಲೋ ಒಂದು ಕಚ್ಚಾ ಜಾಕೆಟ್ ಹೊಲಿಯಲೇಬೇಕು. ಕಾಲರ್, ಜೇಬು ಬೇಡ. ಮುಂಭಾಗ, ಹಿಂಭಾಗ, ಎರಡು ತೋಳು ಸಾಕು, ದೊಡ್ಡ ಹೊಲಿಗೆಯಲ್ಲಿ. ಅದನ್ನು ತೊಟ್ಟು ಕನ್ನಡಿ ಮುಂದೆ ಸುಮ್ಮನೆ ನಿಂತರೆ ಏನೂ ತಿಳಿಯದು. ಸ್ಕೂಟರಿನ ಹ್ಯಾಂಡಲ್ ಹಿಡಿದಂತೆ ಕೈ ಮುಂದೆ ಚಾಚಿ, ಬಸ್ಸಿನ ಕಂಬಿ ಹಿಡಿದಂತೆ ಮೇಲಕ್ಕೆತ್ತಿ, ಕುರ್ಚಿಯಲ್ಲಿ ಕೂತು ನೋಡಿ. ಆಮೇಲೆ ಸುಕ್ಕು ಗಮನಿಸಿ. ಕತ್ತಿನಿಂದ ಕಂಕುಳಿಗೆ ಓರೆ ಸುಕ್ಕು ಬಿದ್ದರೆ ಭುಜ ಇಳಿಜಾರು, ಭುಜದ ಹೊರತುದಿಯಲ್ಲಿ ಅರ್ಧ ಸೆಂಟಿಮೀಟರ್ ಇಳಿಸಬೇಕು. ಹಿಂಗತ್ತಿನ ಕೆಳಗೆ ಅಡ್ಡ ಮಡಿಕೆ ನಿಂತರೆ ಭುಜ ಚೌಕ, ಹೊರತುದಿ ಏರಿಸಬೇಕು. ಜಾಕೆಟ್ ಇಡಿಯಾಗಿ ಹಿಂದಕ್ಕೆ ಜಾರುತ್ತಾ ಮುಂಗತ್ತು ಒತ್ತಿದರೆ ಬೆನ್ನು ಸ್ವಲ್ಪ ಬಾಗಿದೆ ಎಂದರ್ಥ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಲ್ಲಿ ಇದು ತೀರಾ ಸಾಮಾನ್ಯ. ಹಿಂಭಾಗದ ಕಾಗದವನ್ನು ಹೆಗಲೆಲುಬಿನ ಮಟ್ಟದಲ್ಲಿ ಅಡ್ಡಕ್ಕೆ ಸೀಳಿ, ಬೆನ್ನಿನ ನಡುವೆ ಒಂದು ಸೆಂಟಿಮೀಟರ್ ಅಗಲಿಸಿ, ಆರ್ಮ್‌ಹೋಲ್ (ತೋಳು ಕೂರುವ ತೆರಪು) ಅಂಚಿನಲ್ಲಿ ಸೊನ್ನೆ ಮಾಡಿ ಅಂಟಿಸಿದರೆ ಸರಿಹೋಗುತ್ತದೆ.

ಕಂಕುಳು ಬಿಗಿ ಅನ್ನಿಸಿದರೆ ಎಲ್ಲರ ಕೈಯೂ ಆರ್ಮ್‌ಹೋಲನ್ನು ಕೆಳಕ್ಕೆ ಕೊರೆಯಲು ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಆರ್ಮ್‌ಹೋಲ್ ಕೆಳಗಿಳಿದಷ್ಟೂ ತೋಳು ಮೈಗೆ ಕೆಳಗಡೆ ಕಟ್ಟಿಬಿದ್ದಂತಾಗುತ್ತದೆ. ಕೈ ಎತ್ತಿದರೆ ಇಡೀ ಜಾಕೆಟ್ ಜೊತೆಗೆ ಮೇಲೇಳುತ್ತದೆ. ಬಿಗಿ ಇರುವುದು ಸಾಮಾನ್ಯವಾಗಿ ಮುಂಭಾಗದ ತಿರುವಿನಲ್ಲಿ. ಅಲ್ಲಿ ಅರ್ಧ ಸೆಂಟಿಮೀಟರ್ ಕೊರೆದು ನೋಡಿ, ಅದಕ್ಕೂ ಬಗ್ಗದಿದ್ದರೆ ತೋಳಿನ ಮೇಲ್ಭಾಗದ ಅಗಲವನ್ನು ಒಂದೆರಡು ಸೆಂಟಿಮೀಟರ್ ಹೆಚ್ಚಿಸಿ. ರವಿಕೆ ಹೊಲಿಯುವವರು ಇದನ್ನು ಕೂಡಲೇ ಒಪ್ಪುತ್ತಾರೆ: ಕಂಕುಳಿಗೆ ಹತ್ತಿರ ಕೂತ ತೋಳಿನಲ್ಲೇ ಕೈ ಸಲೀಸಾಗಿ ಆಡುವುದು.

ಈಗ ಆ ಒಳಮೈಯ ತೀರ್ಮಾನ. ಭುಜಕ್ಕೂ ಬದಿಗೂ ಜೀನ್ಸಿನ ಕಾಲಿನಲ್ಲಿ ಇರುತ್ತದಲ್ಲ, ಆ ಮಡಚು ಹೊಲಿಗೆ ಒಳ್ಳೆಯದು. ಭುಜವನ್ನು 1.5 ಸೆಂ.ಮೀ.ಗೆ ಹೊಲಿದು, ಎರಡೂ ಮಾರ್ಜಿನನ್ನು ಹಿಂಭಾಗಕ್ಕೆ ಮಲಗಿಸಿ ಇಸ್ತ್ರಿ ಹಾಕಿ. ಅಡಿಯಲ್ಲಿರುವ ಹಿಂಭಾಗದ ಮಾರ್ಜಿನನ್ನು 6 ಮಿ.ಮೀ.ಗೆ ಕತ್ತರಿಸಿ, ಮೇಲಿರುವ ಮುಂಭಾಗದ ಮಾರ್ಜಿನನ್ನು ಅದರ ಸುತ್ತ ಒಳಕ್ಕೆ ಮಡಚಿ, ಮಡಿಕೆಯ ಅಂಚಿಗೆ 2 ಮಿ.ಮೀ. ಬಿಟ್ಟು ಹೊಲಿಯಿರಿ. ಒಂದು ದಾರವೂ ಹೊರಗೆ ಉಳಿಯುವುದಿಲ್ಲ. ಬಟ್ಟೆ 130 ಗ್ರಾಮಿಗಿಂತ ತೆಳುವಾದರೆ ಫ್ರೆಂಚ್ ಸೀಮ್ ಸಾಕು: ಉಲ್ಟಾ ಬದಿಗಳು ಒಂದಕ್ಕೊಂದು ತಾಗುವಂತಿಟ್ಟು 6 ಮಿ.ಮೀ.ಗೆ ಒಂದು ಹೊಲಿಗೆ, ಮಾರ್ಜಿನನ್ನು 3 ಮಿ.ಮೀ.ಗೆ ಇಳಿಸಿ, ಒಳಗೆ ತಿರುಗಿಸಿ 9 ಮಿ.ಮೀ.ಗೆ ಇನ್ನೊಂದು.

ಆರ್ಮ್‌ಹೋಲ್ ತಿರುವಿನಲ್ಲಿ ಮಡಚು ಹೊಲಿಗೆ ಸುಕ್ಕುಗಟ್ಟುತ್ತದೆ. ಅಲ್ಲಿಗೂ, ಮುಂಪಟ್ಟಿಯ (ಗುಂಡಿ ಸಾಲಿನ ಹಿಂದೆ ಒಳಗೆ ಬರುವ ಪಟ್ಟಿ) ಒಳ ಅಂಚಿಗೂ ಪೈಪಿಂಗ್, ಅಂದರೆ ಅಂಚನ್ನು ಸುತ್ತಿ ಮುಚ್ಚುವ ಪಟ್ಟಿ, ಹಾಕಬೇಕು. ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಪೈಪಿಂಗ್ ಪಟ್ಟಿ ಗಡುಸು, ಕಂಕುಳಲ್ಲಿ ಚುಚ್ಚುತ್ತದೆ. ಮೆತ್ತಗಾದ ಹಳೆಯ ವಾಯಿಲ್ ಸೀರೆಯಷ್ಟು ಒಳ್ಳೆಯ ಪೈಪಿಂಗ್ ಬಟ್ಟೆ ದುಡ್ಡು ಕೊಟ್ಟರೂ ಸಿಗದು. ಸವೆದು ಹರಿಯುವಂತಿರುವ ಭಾಗ ಬಿಟ್ಟು, ಸೆರಗಿನ ಹತ್ತಿರದ 50 ಸೆಂ.ಮೀ. ಚೌಕವೊಂದನ್ನು ಮೂಲೆಯಿಂದ ಮೂಲೆಗೆ ಮಡಚಿ, 3.5 ಸೆಂ.ಮೀ. ಅಗಲದ ಕ್ರಾಸ್ (ನೇಯ್ಗೆಗೆ ಓರೆಯಾದ) ಪಟ್ಟಿಗಳನ್ನು ಕತ್ತರಿಸಿ ಜೋಡಿಸಿದರೆ ಆರು ಮೀಟರ್ ಮೇಲೆಯೇ ಬರುತ್ತದೆ. ಎರಡು ಆರ್ಮ್‌ಹೋಲಿಗೆ ಸುಮಾರು ಒಂದು ಮೀಟರ್, ಮುಂಪಟ್ಟಿಗೂ ಹಿಂಗತ್ತಿಗೂ ಸೇರಿ ಒಂದೂಮುಕ್ಕಾಲು, ಕೆಳಅಂಚಿಗೆ ಒಂದೂಕಾಲು. ಒಟ್ಟು ನಾಲ್ಕು ಮೀಟರಿನಲ್ಲಿ ಕೆಲಸ ಮುಗಿಯುತ್ತದೆ. ಪಟ್ಟಿಯನ್ನು ಸರಿಯಾಗಿ 45 ಡಿಗ್ರಿಗೆ ಕತ್ತರಿಸದಿದ್ದರೆ ಅದು ತಿರುವಿನಲ್ಲಿ ಹಗ್ಗದ ಹಾಗೆ ತಿರುಚಿಕೊಳ್ಳುತ್ತದೆ. ಮೈಯ ಬಟ್ಟೆ ಬೂದಿ, ಒಳಗೆ ಸಾಸಿವೆ ಹಳದಿಯ ಸೀರೆಯ ಗೆರೆ: ಜಾಕೆಟ್ ಕಳಚಿದಾಗಲಷ್ಟೇ ಕಾಣುವ ಆ ಬಣ್ಣಕ್ಕೆ ಅಸ್ತರು ಬಿಟ್ಟದ್ದು ಸಾರ್ಥಕ ಅನ್ನಿಸುತ್ತದೆ.

ಇಷ್ಟೆಲ್ಲ ಯಾಕೆ, ಪೀಕೊ-ಫಾಲ್ ಅಂಗಡಿಗೆ ಕೊಟ್ಟು ಓವರ್‌ಲಾಕ್ ಮಾಡಿಸಿದರಾಯಿತಲ್ಲ ಎಂದರೆ, ಆಗುತ್ತದೆ. ಆದರೆ ತುಂಡುಗಳನ್ನು ಹೊಲಿಯುವ ಮೊದಲೇ ಓವರ್‌ಲಾಕಿಗೆ ಕೊಟ್ಟರೆ ಆ ಮಷೀನಿನ ಬ್ಲೇಡು ಅಂಚನ್ನು ಎರಡು ಮೂರು ಮಿಲಿಮೀಟರ್ ಕತ್ತರಿಸಿಬಿಡುವುದುಂಟು, ನಾಚುಗಳೂ ಹೋಗುತ್ತವೆ. ಕತ್ತರಿಸದೆ ಹೊಡೆಯಿರಿ ಎಂದು ಹೇಳಿ ಕೊಡಬೇಕು.

ಕತ್ತರಿಸಿದ ಕೂಡಲೇ, ಬೇರೇನೂ ಮುಟ್ಟುವ ಮುನ್ನ, ಕತ್ತಿನ ಸುತ್ತ ಅಂಚಿನಿಂದ 1.2 ಸೆಂ.ಮೀ. ಒಳಗೆ ಒಂದು ಸಾದಾ ಹೊಲಿಗೆ ಹಾಕಿ. ಭುಜದಿಂದ ನಡುವಿಗೆ ಒಂದು ಕಡೆ, ಮತ್ತೆ ಭುಜದಿಂದ ನಡುವಿಗೆ ಇನ್ನೊಂದು ಕಡೆ. ಕತ್ತಿನ ತಿರುವು ಕ್ರಾಸ್ ಮೇಲೆ ಬರುವುದರಿಂದ ಎತ್ತಿ ಇಳಿಸುವಾಗಲೇ ಹಿಗ್ಗಿಬಿಡುತ್ತದೆ. ಹಿಗ್ಗಿದ ಕತ್ತಿಗೆ ಸರಿ ಅಳತೆಯ ಕಾಲರ್ ಯಾವತ್ತೂ ಸಾಲದು. ಭುಜದ ಹೊಲಿಗೆಯೊಳಗೂ ಅದೇ ಬಟ್ಟೆಯ ಗಟ್ಟಿ ಅಂಚಿನಿಂದ ಕತ್ತರಿಸಿದ ಒಂದು ಸೆಂಟಿಮೀಟರ್ ಪಟ್ಟಿ ಸೇರಿಸಿ ಹೊಲಿದರೆ ವರ್ಷಗಳ ಬಳಿಕವೂ ಭುಜ ಜೋಲುವುದಿಲ್ಲ.

ಫ್ಯೂಸಿಂಗ್ ಅನ್ನು, ಅಂದರೆ ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಒಳಬಟ್ಟೆಯನ್ನು, ಕಾಲರಿಗೂ ಮುಂಪಟ್ಟಿಗೂ ಮಾತ್ರ ಅಂಟಿಸಿ, ಹೊರಗೆ ಕಾಣುವ ಮುಂಭಾಗಕ್ಕೆ ಬೇಡ. ಹಗುರ ಬಟ್ಟೆಯ ಮುಖಕ್ಕೆ ಅಂಟಿಸಿದ ಫ್ಯೂಸಿಂಗ್ ಕೆಲವು ಒಗೆತ ಕಳೆದ ಮೇಲೆ ಗುಳ್ಳೆ ಏಳುವ ಸಾಧ್ಯತೆ ಹೆಚ್ಚು. ಮುಂಪಟ್ಟಿಯಲ್ಲಾದರೆ ಆ ಗುಳ್ಳೆ ಒಳಗೇ ಇರುತ್ತದೆ. ಗುಳ್ಳೆಗೆ ಮುಖ್ಯವಾಗಿ ಎರಡು ಕಾರಣ. ಬಟ್ಟೆಯೂ ಫ್ಯೂಸಿಂಗೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದು ಒಂದು, ಅಂಟು ಪೂರ್ತಿ ಕರಗದಿರುವುದು ಇನ್ನೊಂದು. ಮೊದಲನೆಯದಕ್ಕೆ ಹತ್ತಿಯ ಫ್ಯೂಸಿಂಗನ್ನು ಉಗುರುಬೆಚ್ಚಗಿನ ನೀರಲ್ಲಿ ಹಿಂಡದೆ ನೆನೆಸಿ ನೆರಳಲ್ಲಿ ಒಣಗಿಸಿ. ಎರಡನೆಯದಕ್ಕೆ ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ, ಒಂದೊಂದು ಜಾಗದಲ್ಲಿ 10–12 ಸೆಕೆಂಡ್ ಒತ್ತಿ, ಎತ್ತಿ, ಪಕ್ಕಕ್ಕೆ ಇಡಬೇಕು. ತಣ್ಣಗಾಗುವ ತನಕ ತುಂಡನ್ನು ಎತ್ತಕೂಡದು, ಬಿಸಿ ಅಂಟು ಜಾರುತ್ತದೆ.

ಇಸ್ತ್ರಿ ಬಗ್ಗೆ ಇನ್ನೂ ನಾಲ್ಕು ಮಾತು ಆಡಲೇಬೇಕು, ಮನೆ ಹೊಲಿಗೆ ‘ಮನೆ ಹೊಲಿಗೆ’ ಅಂತ ದೂರದಿಂದಲೇ ಗೊತ್ತಾಗುವುದು ಇಸ್ತ್ರಿ ಇಲ್ಲದ್ದರಿಂದ. ಪ್ರತಿ ಹೊಲಿಗೆಯನ್ನೂ ಮೊದಲು ಹೊಲಿದ ಹಾಗೆಯೇ ಚಪ್ಪಟೆಯಾಗಿ ಒತ್ತಬೇಕು, ದಾರ ಬಟ್ಟೆಯೊಳಗೆ ಕೂರುತ್ತದೆ. ಆಮೇಲೆ ಬಿಡಿಸಿ ಅಥವಾ ಒಂದು ಬದಿಗೆ ಮಲಗಿಸಿ ಒತ್ತಬೇಕು. ಅದಾದ ಮೇಲೆಯೇ ಅದನ್ನು ಅಡ್ಡ ಹಾಯುವ ಮುಂದಿನ ಹೊಲಿಗೆ. ನಡುವೆ ಹಾಸುವ ಬಟ್ಟೆಗೆ ಹಳೆಯ ಪಂಚೆ ತುಂಡು ತೇವ ಮಾಡಿಕೊಂಡರೆ ಸಾಕು, ಗಾಢ ಬಣ್ಣದ ಮೇಲೆ ಹೊಳಪು ಕಲೆ ಬೀಳುವುದಿಲ್ಲ. ತೋಳಿನೊಳಗಿನ ಹೊಲಿಗೆಗೆ ಲಟ್ಟಣಿಗೆಗೆ ಟವೆಲ್ ಬಿಗಿಯಾಗಿ ಸುತ್ತಿ ಒಳಗೆ ತೂರಿಸಿ, ಅದರ ಮೇಲೆ ಇಸ್ತ್ರಿ ಹಾಕಿ. ಮಾರ್ಜಿನ್ ಅಂಚಿನ ಗುರುತು ಹೊರಗೆ ಮೂಡದು. ದಪ್ಪ ಮಡಿಕೆಗಳಿಗೆ ಹಬೆ ಕೊಟ್ಟು ಪೆಟ್ಟಿಗೆ ತೆಗೆದ ಕೂಡಲೇ ನುಣುಪಾದ ಮರದ ಮಣೆ ಇಟ್ಟು ಹದಿನೈದು ಸೆಕೆಂಡ್ ಅದುಮಿ ಹಿಡಿಯಿರಿ. ಮರ ಹಬೆಯನ್ನು ಹೀರುತ್ತದೆ, ಮಡಿಕೆ ಕತ್ತಿಯ ಅಲಗಿನ ಹಾಗೆ ನಿಲ್ಲುತ್ತದೆ.

ಜೇಬನ್ನು ತುಂಡುಗಳನ್ನು ಜೋಡಿಸುವ ಮೊದಲು, ಮುಂಭಾಗ ಇನ್ನೂ ಚಪ್ಪಟೆ ಇರುವಾಗಲೇ ಹೊಲಿಯಬೇಕು. ಕೆಳಜೇಬಿಗೆ 16ಕ್ಕೆ 18 ಸೆಂ.ಮೀ. ಒಳ್ಳೆಯ ಅಳತೆ. ಎರಡೂ ಜೇಬು ಒಂದೇ ಆಕಾರ ಬರಲು ಮದುವೆ ಕಾರ್ಡಿನಂಥ ದಪ್ಪ ಕಾಗದದ ಅಚ್ಚು ಮಾಡಿ, ದುಂಡು ಮೂಲೆಯ ಸುತ್ತ ಸೂಜಿದಾರದಲ್ಲಿ ಓಟ ಹೊಲಿಗೆ ಹಾಕಿ ಅಚ್ಚಿನ ಮೇಲೆ ಎಳೆದು ಇಸ್ತ್ರಿ ಮಾಡಬೇಕು. ಜೇಬು ಹರಿಯುವುದು ಮೇಲಿನ ಎರಡು ಮೂಲೆಗಳಲ್ಲಿ. ಅಲ್ಲಿ ಮುಂಭಾಗದ ಹಿಂದೆ 2 ಸೆಂ.ಮೀ. ಚೌಕದ ಬಟ್ಟೆ ತುಂಡಿಟ್ಟು ಪುಟ್ಟ ತ್ರಿಕೋನ ಹೊಲಿಯಿರಿ.

ಕಾಲರಿನಲ್ಲಿ ಮೇಲ್ಪದರ, ಕೆಳಪದರ ಎರಡೂ ಒಂದೇ ಅಳತೆಗಿದ್ದರೆ ತುದಿಗಳು ಒಣಗಿದ ಎಲೆಯ ಹಾಗೆ ಮೇಲಕ್ಕೆ ಸುರುಳುತ್ತವೆ. ಮಡಚಿದಾಗ ಮೇಲ್ಪದರ ಹೊರಸುತ್ತಿನಲ್ಲಿ ಹೋಗಬೇಕು, ಅದಕ್ಕೆ ದಾರಿ ಉದ್ದ. ಆದ್ದರಿಂದ ಹೊರಗಿನ ಮೂರು ಬದಿಗಳಲ್ಲಿ ಮೇಲ್ಪದರವನ್ನು 2–3 ಮಿ.ಮೀ. ದೊಡ್ಡದಾಗಿ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಕಚ್ಚಾ ಹೊಲಿಗೆ ಹಾಕಿ. ಮೇಲ್ಪದರ ನಡುವೆ ಸ್ವಲ್ಪ ಉಬ್ಬಿ ನಿಲ್ಲುತ್ತದೆ, ಅದು ಹಾಗೇ ಇರಬೇಕು. ಮೂಲೆಯಲ್ಲಿ ಸೂಜಿ ಬಟ್ಟೆಯೊಳಗೇ ಇಟ್ಟು ತಿರುಗಿಸುವಾಗ ನೇರ ತಿರುಗದೆ ಓರೆಯಾಗಿ ಒಂದು ಹೊಲಿಗೆ ಹಾಕಿ ಮುಂದಿನ ಬದಿಗೆ ಹೋಗಿ. ಚೂಪು ಬರಲಿ ಎಂದು ನೇರ ತಿರುಗಿಸಿದರೆ ಒಳಗಿನ ಮಾರ್ಜಿನಿಗೆ ಜಾಗವಿಲ್ಲದೆ ತುದಿ ಗೋಲಿಯಂತೆ ದಪ್ಪಗಾಗುತ್ತದೆ; ಓರೆ ಹೊಲಿಗೆಯಿಂದಲೇ ತುದಿ ಚೂಪಾಗುವುದು. ಮಾರ್ಜಿನನ್ನು ಮೆಟ್ಟಿಲಿನ ಹಾಗೆ ಇಳಿಸಿ, ಕೆಳಪದರದ್ದು 5 ಮಿ.ಮೀ., ಮೇಲ್ಪದರದ್ದು 8. ತಿರುಗಿಸಿದ ಮೇಲೆ ಮೂಲೆಯನ್ನು ಕತ್ತರಿಯ ತುದಿಯಿಂದ ಚುಚ್ಚಬೇಡಿ, ಹೆಣಿಗೆ ಕಡ್ಡಿಯ ಮೊಂಡು ತುದಿಯಿಂದ ಒತ್ತಿ. ಕತ್ತಿಗೆ ಜೋಡಿಸುವಾಗ ಕತ್ತಿನ ಮಾರ್ಜಿನಿಗೆ ಒಂದೂವರೆ ಸೆಂಟಿಮೀಟರಿಗೊಂದು ಕಚ್ಚು ಹಾಕಿದರೆ ತಿರುವು ನೇರವಾಗಿ ಬಿಚ್ಚಿಕೊಂಡು ಕಾಲರಿನ ಅಂಚಿಗೆ ತಾನೇ ಹೊಂದಿಕೊಳ್ಳುತ್ತದೆ.

ತೋಳು ಜೋಡಿಸುವ ಮೊದಲು ತೋಳಿನ ತಲೆಯ ಹೊಲಿಗೆ ಗೆರೆಯನ್ನೂ ಆರ್ಮ್‌ಹೋಲಿನದನ್ನೂ ಟೇಪು ನಿಲ್ಲಿಸಿ ಅಳೆಯಿರಿ. ಈ ಬಗೆಯ ಜಾಕೆಟ್ಟಿನಲ್ಲಿ ತೋಳು ಒಂದೆರಡು ಸೆಂಟಿಮೀಟರ್ ಉದ್ದ ಇದ್ದರೆ ಸಾಕು. ಮೂರ್ನಾಲ್ಕು ಸೆಂಟಿಮೀಟರ್ ಹೆಚ್ಚಿದ್ದರೆ ಅದು ಸೂಟಿನ ತೋಳು, ಹತ್ತಿಯಲ್ಲಿ ನೆರಿಗೆ ಬೀಳುತ್ತದೆ. ಹೊಲಿಯುವಾಗ ತೋಳು ಕೆಳಗಿರಲಿ, ಮಷೀನಿನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಸ್ವಲ್ಪ ಹೆಚ್ಚು ಎಳೆದುಕೊಂಡು ಆ ಹೆಚ್ಚುವರಿಯನ್ನು ತಾವೇ ನುಂಗುತ್ತವೆ. ಎಡಬಲ ತೋಳು ಅದಲುಬದಲಾಗುವುದು ಪಳಗಿದವರಿಗೂ ಆಗುವಂಥದ್ದು, ನಾಚ್ ಎಣಿಸಿ ನೋಡಿ. ಪೈಪಿಂಗ್ ಮುಗಿದ ಮೇಲೆ ತೋಳಿನ ತುದಿಯಿಂದ ಜಾಕೆಟ್ಟಿನ ಕೆಳಗಿನ ತನಕ ಒಂದೇ ಹೊಲಿಗೆ. ಇದನ್ನು ಮಡಚು ಹೊಲಿಗೆ ಮಾಡುವಾಗ ಎರಡನೇ ಸಾಲಿಗೆ ತೋಳನ್ನು ಕಾಲುಚೀಲದ ಹಾಗೆ ಸುರುಳಿ ಸುತ್ತುತ್ತಾ ಅಂಗುಲ ಅಂಗುಲವಾಗಿ ಸಾಗಬೇಕು. ತೋಳಿನ ಬಾಯಿ ಕಿರಿದಾಗಿದ್ದರೆ ಆ ಸಾಹಸ ಬೇಡ. ಇಡೀ ಹೊಲಿಗೆಗೆ ಪೈಪಿಂಗೇ ಹಾಕಿ, ಸೀರೆಯ ಪಟ್ಟಿ ಇನ್ನೂ ಉಳಿದಿರುತ್ತದೆ. ಕಂಕುಳಲ್ಲಿ ಪದರಗಳು ಒಟ್ಟಾಗುವ ಕಡೆ ಫುಟ್ (ಬಟ್ಟೆಯನ್ನು ಒತ್ತಿಹಿಡಿಯುವ ಮಷೀನಿನ ಪಾದ) ಹಿಂದಕ್ಕೆ ವಾಲಿ ಹೊಲಿಗೆ ತಪ್ಪುತ್ತದೆ. ಫುಟ್ಟಿನ ಹಿಂಭಾಗದ ಕೆಳಗೆ ಅಷ್ಟೇ ದಪ್ಪಕ್ಕೆ ರಟ್ಟು ಮಡಚಿಟ್ಟು ಮಟ್ಟ ಮಾಡಿಕೊಂಡು, ಚಕ್ರವನ್ನು ಕೈಯಲ್ಲೇ ತಿರುಗಿಸಿ ದಾಟಿ. ಸೂಜಿ 14 ನಂಬರಿನದು, ಈ ದಪ್ಪ ಜಾಗಗಳಿಗೆ 16. ಹೊಲಿಗೆ ಉದ್ದ 2.5 ಮಿ.ಮೀ., ಹೊರಗೆ ಕಾಣುವ ಸಾಲಿಗೆ 3ರಿಂದ 3.5.

ಕೆಳಅಂಚು ಮಡಚುವ ಮುಂಚೆ ಜಾಕೆಟ್ಟನ್ನು ಹ್ಯಾಂಗರಿಗೆ ಹಾಕಿ ಒಂದು ರಾತ್ರಿ ಬಿಡಿ, ಎಲ್ಲಿ ಎಷ್ಟು ಇಳಿಯಬೇಕೋ ಇಳಿಯಲಿ. ಬೆಳಗ್ಗೆ ನೆಲದಿಂದ ಸ್ಕೇಲು ನಿಲ್ಲಿಸಿ ಸುತ್ತ ಗುರುತು ಮಾಡಿ 3 ಸೆಂ.ಮೀ. ಮಡಚಿ ಹೊಲಿಯಿರಿ.

ಕೊನೆಗೆ ಕಾಜಾ. 20 ಮಿ.ಮೀ. ಗುಂಡಿ, ಅಂಗಡಿಯಲ್ಲಿ 32 ನಂಬರ್ ಅನ್ನುತ್ತಾರೆ, ಐದು ಬೇಕು. ಕಾಜಾದ ಉದ್ದ ಗುಂಡಿಯ ಅಗಲಕ್ಕೆ ಅದರ ದಪ್ಪ ಸೇರಿಸಿದಷ್ಟು: 20ಕ್ಕೆ 3 ಕೂಡಿಸಿ 23. ಜಾಕೆಟ್ಟಿಗೆ ಅಡ್ಡ ಕಾಜಾ ಇರಬೇಕು, ಎಳೆತಕ್ಕೆ ಗುಂಡಿ ಜಾರಿ ಬಿಚ್ಚಿಕೊಳ್ಳುವುದಿಲ್ಲ. ನಡುಗೆರೆಯಿಂದ 3 ಮಿ.ಮೀ. ಹೊರಅಂಚಿನ ಕಡೆಗೆ ಶುರು ಮಾಡಿ ಒಳಕ್ಕೆ ಹೋಗಬೇಕು, ಗುಂಡಿ ಹಾಕಿದಾಗ ಅದು ಸರಿಯಾಗಿ ನಡುಗೆರೆಯ ಮೇಲೆ ನಿಲ್ಲುತ್ತದೆ. ನಿಮ್ಮ ಮಷೀನಿನಲ್ಲಿ ಕಾಜಾ ಚೆನ್ನಾಗಿ ಬಾರದಿದ್ದರೆ ಕಾಜಾ ಅಂಗಡಿಗೇ ಕೊಡಿ, ಆದರೆ ಅದೇ ಬಟ್ಟೆ, ಅದೇ ಫ್ಯೂಸಿಂಗ್, ಅಷ್ಟೇ ಪದರ ಇರುವ ಒಂದು ಚೂರನ್ನೂ ಜೊತೆಗೆ ಒಯ್ದು ಮೊದಲು ಅದರ ಮೇಲೆ ಹೊಡೆಸಿ ನೋಡಿ. ಮನೆಯಲ್ಲೇ ಸೀಳುವುದಾದರೆ ತುದಿಗೆ ಅಡ್ಡಲಾಗಿ ಗುಂಡುಪಿನ್ನು ಚುಚ್ಚಿ, ಕತ್ತರಿ ಅದಕ್ಕೆ ತಾಗಿ ನಿಲ್ಲುತ್ತದೆ. ಗುಂಡಿ ಹೊಲಿಯುವಾಗ ಅದರ ಮೇಲೊಂದು ಬೆಂಕಿಕಡ್ಡಿ ಇಟ್ಟು ದಾರ ಆಡಿಸಿ. ಆಮೇಲೆ ಕಡ್ಡಿ ಎಳೆದು, ಗುಂಡಿಯನ್ನು ಮೇಲಕ್ಕೆತ್ತಿ, ಸಡಿಲಾದ ದಾರದ ಸುತ್ತ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ ಹಿಂದಕ್ಕೆ ಗಂಟು ಹಾಕಿ. ಎರಡು ಪದರ ಬಟ್ಟೆಯ ದಪ್ಪಕ್ಕೆ ಬೇಕಾದಷ್ಟು ಕತ್ತು ಗುಂಡಿಗೆ ಸಿಕ್ಕಿರುತ್ತದೆ.